ಎರವಲು ಸಿಟ್ಟು, ಹರಕು ಕಾಗದ

ಸಿಟ್ಟನ್ನು ಎರವಲು ತರಬಹುದೇ? ಪಕ್ಕದ ಮನೆಯಿಂದ ಒಂದು ಸೇರು ರಾಗಿ ತಂದ ಹಾಗೆ, ಇನ್ನೊಬ್ಬನ ಬೆನ್ನ ಮೇಲೆ ಬಿದ್ದ ಏಟಿನ ಸಿಟ್ಟನ್ನು ಕಡ ತಂದು ನಮ್ಮ ಮುಖಕ್ಕೆ ಬಳಿದುಕೊಳ್ಳಬಹುದೇ? ತಂದ ರಾಗಿಯನ್ನು ಸುಗ್ಗಿಯಲ್ಲಿ ಅಳೆದು ಕೊಡುತ್ತೇವೆ. ತಂದ ಸಿಟ್ಟನ್ನು ಯಾವ ಸೇರಿನಲ್ಲಿ ಅಳೆಯುವುದು, ಯಾರ ಬಾಗಿಲಿಗೆ ಹೋಗಿ ಕೊಡುವುದು?

ಈ ಪ್ರಶ್ನೆಯನ್ನು ನಾವು ಲಂಡನ್ನಿನ ಕೆಲವು ಹಳೆಯ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೇಳುತ್ತಿದ್ದೇವೆ. 1976ರಿಂದ ಮೂರು ನಾಲ್ಕು ವರ್ಷ ಅಲ್ಲಿ ಪಂಕ್ ಎಂಬ ಹೆಸರಿನಲ್ಲಿ ಹಾಡು, ಉಡುಪು, ಫೋಟೋ, ಪತ್ರಿಕೆಗಳ ಒಂದು ದೊಡ್ಡ ಗದ್ದಲ ಎದ್ದಿತು. ಪಂಕ್ ಎಂದರೆ ಇಂಗ್ಲಿಷಿನಲ್ಲಿ ಪೋಕರಿ, ಕೆಲಸಕ್ಕೆ ಬಾರದವನು, ಕೆಟ್ಟುಹೋದವನು ಎಂಬೆಲ್ಲ ಅರ್ಥ. ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡವರು ಅವರು. ಅದಕ್ಕೆ ಒಂದು ವರ್ಷ ಮುಂಚೆ, 1975ರಲ್ಲಿ, ಸಿದ್ಧಲಿಂಗಯ್ಯನವರು ತಮ್ಮ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟದ್ದು ನಮಗೆ ನೆನಪಾಗುತ್ತದೆ. ಆದರೆ ಎರಡೂ ಒಂದೇ ಅಲ್ಲ. ಲಂಡನ್ನಿನ ಹುಡುಗ ಬೈಗುಳವನ್ನು ಆರಿಸಿಕೊಂಡ, ಬೇಡವೆನಿಸಿದ ದಿನ ಕಳಚಿಟ್ಟು ಮನೆಗೆ ಹೋಗಬಹುದಿತ್ತು. ಇಲ್ಲಿ ಬೈಗುಳ ಹುಟ್ಟುವ ಮೊದಲೇ ತೊಟ್ಟಿಲಲ್ಲಿ ಬಂದು ಮಲಗಿರುತ್ತದೆ. ಈ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗೋಣ.

ಮೊದಲು ಆ ಪತ್ರಿಕೆಗಳು ಹೇಗಿದ್ದವು ಎಂದು ಹೇಳಬೇಕು. ಯಾಕೆಂದರೆ ಇಂದು ಅವುಗಳ ಮಾತು ಬಂದರೆ ಸಂಗ್ರಹಕಾರರ ಕಣ್ಣು ಮಿನುಗುತ್ತದೆ, ಹಣದ ಲೆಕ್ಕ ಶುರುವಾಗುತ್ತದೆ. ಅವು ಹುಟ್ಟಿದಾಗ ಹಾಗಿರಲಿಲ್ಲ. 1976ರ ಜುಲೈನಲ್ಲಿ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ 'ಸ್ನಿಫಿನ್ ಗ್ಲೂ' ಎಂಬ ಪತ್ರಿಕೆ ಶುರುಮಾಡಿದ. ಅಮೆರಿಕದ ರಮೋನ್ಸ್ ತಂಡದ ಹಾಡುಗಳನ್ನು ಕೇಳಿ ಮೈಯಲ್ಲಿ ಮಿಂಚು ಹೊಡೆದಂತಾಗಿ, ಅದರ ಬಗ್ಗೆ ಬರೆಯುವ ಪತ್ರಿಕೆ ಯಾವುದಿದೆ ಎಂದು ಹುಡುಕಿದ, ಇರಲಿಲ್ಲ, ತಾನೇ ಬರೆದ. ಮಕ್ಕಳು ಆಟಕ್ಕೆ ಇಟ್ಟುಕೊಳ್ಳುವಂಥ ಟೈಪ್‌ರೈಟರು, ತಲೆಬರಹಕ್ಕೆ ದಪ್ಪ ಸ್ಕೆಚ್ ಪೆನ್ನು, ಮೂಲೆಯಲ್ಲಿ ಒಂದು ಸ್ಟೇಪಲ್ ಪಿನ್ನು. ಮೊದಲ ಸಂಚಿಕೆ 50 ಪ್ರತಿ. ಅವನ ಗೆಳತಿ ತನ್ನ ಆಫೀಸಿನ ಯಂತ್ರದಲ್ಲಿ ಜೆರಾಕ್ಸ್ ಮಾಡಿಕೊಟ್ಟಳು. ಮಾಲೀಕನ ಕಾಗದ, ಮಾಲೀಕನ ಕರೆಂಟು! ಇದನ್ನು ಕಳ್ಳತನ ಎನ್ನುವವರು ಎನ್ನಲಿ; ಎಷ್ಟು ಸಾಹಿತ್ಯ ಸಂಜೆ ಆರರ ಮೇಲೆ ಸರ್ಕಾರಿ ಕಚೇರಿಯ ಯಂತ್ರದಿಂದ ಹೊರಗೆ ಬಂದಿದೆ ಎಂಬ ಲೆಕ್ಕವನ್ನು ಯಾವ ಚರಿತ್ರೆಕಾರನೂ ಇಟ್ಟಿರಲಾರ.

ಜೆರಾಕ್ಸ್ ಎಂದಾಗ ಒಂದು ಮಾತು. ಈ ಯಂತ್ರದ ಮೂಲಪುರುಷ ಚೆಸ್ಟರ್ ಕಾರ್ಲ್‌ಸನ್, ಊರೂರು ಅಲೆಯುತ್ತಿದ್ದ ಬಡ ಕ್ಷೌರಿಕನ ಮಗ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಒಂದು ಬಾಡಿಗೆ ಕೋಣೆಯಲ್ಲಿ ಆತ ಮೊದಲ ಒಣ ಪ್ರತಿಯನ್ನು ತೆಗೆದ. ಗುಂಡಿ ಒತ್ತಿದರೆ ಪ್ರತಿ ಬರುವ ಯಂತ್ರ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅಲ್ಲಿಯವರೆಗೆ ಅಚ್ಚು ಎಂದರೆ ಪ್ರೆಸ್ಸಿನವನ ಮರ್ಜಿ, ಮೊಳೆ ಜೋಡಿಸುವವನ ಮರ್ಜಿ, ಕರಡು ತಿದ್ದುವವನ ಮರ್ಜಿ. ಇಷ್ಟು ಬಾಗಿಲುಗಳನ್ನು ದಾಟಿ ಮಾತು ಹೊರಬರುವ ಹೊತ್ತಿಗೆ ಅದಕ್ಕೆ ಸ್ನಾನ ಮಾಡಿಸಿ, ಬೈತಲೆ ತೆಗೆದು, ಶಾಲು ಹೊದೆಸಿ ಆಗಿರುತ್ತಿತ್ತು. ಕ್ಷೌರಿಕನ ಮಗ ಆ ಬಾಗಿಲುಗಳನ್ನೆಲ್ಲ ಒಂದೇ ಸಲ ತೆಗೆದುಬಿಟ್ಟ. ನಮಗಂತೂ ಇದು ಸಣ್ಣ ಸಂತೋಷವಲ್ಲ.

'ಸ್ನಿಫಿನ್ ಗ್ಲೂ' ಎಂದರೆ ಗೋಂದು ಮೂಸುವುದು. ಕುಡಿಯಲು ಕಾಸಿಲ್ಲದ ಹುಡುಗರು ಅಮಲಿಗಾಗಿ ಮಾಡುತ್ತಿದ್ದ ಕೆಲಸ. ರೈಲ್ವೆ ಸ್ಟೇಷನ್ನಿನ ಹಿಂದೆ ಚಿಂದಿ ಆಯುವ ಮಕ್ಕಳು ಪಂಕ್ಚರ್ ಸಲ್ಯೂಷನ್ ಮೂಸುವುದನ್ನು ಕಂಡವರಿಗೆ ಈ ಹೆಸರು ತಮಾಷೆ ಅನಿಸುವುದಿಲ್ಲ. ಆದರೂ ಹೆಸರಿನಾಚೆಗೆ ಪತ್ರಿಕೆ ಹೇಳುತ್ತಿದ್ದುದು ದೊಡ್ಡ ಮಾತು: ಓದುತ್ತ ಕೂರಬೇಡಿ, ನೀವೇ ಒಂದು ಪತ್ರಿಕೆ ಮಾಡಿ. ಅದೇ ಹೊತ್ತಿನ 'ಸೈಡ್‌ಬರ್ನ್ಸ್' ಎಂಬ ಇನ್ನೊಂದು ಪತ್ರಿಕೆ ಗಿಟಾರಿನ ಮೇಲೆ ಬೆರಳು ಎಲ್ಲೆಲ್ಲಿಡಬೇಕು ಎಂದು ಮೂರು ಚಿತ್ರ ಬರೆದು, ಇಷ್ಟು ಸಾಕು, ಹೋಗಿ ತಂಡ ಕಟ್ಟು ಎಂದಿತು. ಸರಳೆ, ಜಂಟಿ, ಅಲಂಕಾರ ಎಂದು ವರ್ಷಗಟ್ಟಲೆ ಹೊಸಿಲ ಹೊರಗೆ ನಿಲ್ಲಿಸುವ ಸಂಗೀತವನ್ನು ಬಲ್ಲ ನಮಗೆ ಆ ಮೂರು ಚಿತ್ರಗಳ ಬೆಲೆ ಗೊತ್ತಾಗುತ್ತದೆ. ಯೋಗ್ಯತೆಯ ಪರೀಕ್ಷೆ ಇಲ್ಲದೆ ಒಳಗೆ ಬಾ ಎನ್ನುವ ಬಾಗಿಲು ಅದು.

ಅಮೆರಿಕದಲ್ಲೂ ಹೀಗೇ ನಡೆದಿತ್ತು. ನ್ಯೂಯಾರ್ಕಿನಲ್ಲಿ 1976ರ ಜನವರಿಯಲ್ಲೇ ಜಾನ್ ಹೋಮ್‌ಸ್ಟ್ರಾಮ್ ಮತ್ತು ಗೆಳೆಯರ 'ಪಂಕ್' ಪತ್ರಿಕೆ ಬಂದಿತ್ತು. ಅದಕ್ಕಾಗಿ ರಾಬರ್ಟಾ ಬೇಲಿ ಎಂಬಾಕೆ ಇಟ್ಟಿಗೆ ಗೋಡೆಯೊಂದರ ಮುಂದೆ ತೆಗೆದ ರಮೋನ್ಸ್ ತಂಡದ ಫೋಟೋ ಅವರ ಮೊದಲ ರೆಕಾರ್ಡಿನ ಹೊದಿಕೆಯಾಯಿತು. ಆಕೆಗೆ ಸಿಕ್ಕಿದ್ದು 125 ಡಾಲರ್. ಸ್ಯಾನ್ ಫ್ರಾನ್ಸಿಸ್ಕೋದ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದ ವಿ. ವೇಲ್ 1977ರಲ್ಲಿ 'ಸರ್ಚ್ ಅಂಡ್ ಡೆಸ್ಟ್ರಾಯ್' ಶುರುಮಾಡಿದಾಗ ಕವಿಗಳಾದ ಅಲೆನ್ ಗಿನ್ಸ್‌ಬರ್ಗ್ ಮತ್ತು ಲಾರೆನ್ಸ್ ಫರ್ಲಿಂಗೆಟಿ ತಲಾ 100 ಡಾಲರ್ ಕೊಟ್ಟರು. ಕವಿಗಳು ಇನ್ನೊಬ್ಬರ ಪತ್ರಿಕೆಗೆ ಜೇಬಿನಿಂದ ದುಡ್ಡು ಕೊಟ್ಟದ್ದು ದಾಖಲಿಸಬೇಕಾದ ಸಂಗತಿಯೇ ಸರಿ!

ಈಗ ವಿನ್ಯಾಸದ ಮಾತಿಗೆ ಬರೋಣ, ಯಾಕೆಂದರೆ ನಮ್ಮ ಪ್ರಶ್ನೆಯ ಮೊದಲ ಗಂಟು ಇಲ್ಲೇ ಇದೆ. ಜೇಮಿ ರೀಡ್ ಎಂಬ ಕಲಾವಿದ 1970ರಲ್ಲಿ ಲಂಡನ್ ಪಕ್ಕದ ಕ್ರಾಯ್ಡನ್ನಿನಲ್ಲಿ ಗೆಳೆಯರೊಂದಿಗೆ 'ಸಬರ್ಬನ್ ಪ್ರೆಸ್' ನಡೆಸುತ್ತಿದ್ದ. ಅಕ್ಷರದ ಅಚ್ಚಿಗೆ ದುಡ್ಡಿಲ್ಲದೆ ಪತ್ರಿಕೆಗಳಿಂದ ಅಕ್ಷರ ಕತ್ತರಿಸಿ ಗೋಂದಿನಿಂದ ಅಂಟಿಸುವ ರೂಢಿ ಅಲ್ಲಿ ಬಂದದ್ದು. ಒಂದಕ್ಷರ ಉದ್ದ, ಒಂದು ಗಿಡ್ಡ, ಒಂದು ಓರೆ. 1977ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ 25ನೆಯ ವರ್ಷದ ಉತ್ಸವದ ಹೊತ್ತಿಗೆ ಸೆಕ್ಸ್ ಪಿಸ್ಟಲ್ಸ್ ತಂಡದ ಹಾಡಿಗೆ ಆತ ಮಾಡಿದ ಹೊದಿಕೆಯಲ್ಲಿ ಇದೇ ಅಕ್ಷರಗಳು ರಾಣಿಯ ಕಣ್ಣಿನ ಮೇಲೆ, ಬಾಯಿಯ ಮೇಲೆ ಕೂತವು. ಬಿಬಿಸಿ ಆ ಹಾಡನ್ನು ಹಾಕಲಿಲ್ಲ. ಅಂಗಡಿಗಳಲ್ಲಿ ಅದು ಮಾರಾಟವಾಗುತ್ತಲೇ ಹೋಯಿತು.

ನಮ್ಮ ಕನ್ನಡದಲ್ಲಿ ಒಂದು ಶಬ್ದವಿದೆ, ಅಚ್ಚುಕಟ್ಟು. ಒಪ್ಪವಾಗಿರುವುದು ಎಂಬುದು ಒಂದು ಅರ್ಥ. ಕೆರೆಯ ನೀರು ಹಾಯುವ ಭೂಮಿ ಎಂಬುದು ಇನ್ನೊಂದು. ಆ ಅಚ್ಚುಕಟ್ಟಿನ ಒಳಗಿನ ಗದ್ದೆ ಯಾರದು, ಹೊರಗಿನ ಕಲ್ಲುಭೂಮಿ ಯಾರದು ಎಂದು ಈ ಪತ್ರಿಕೆಯ ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಬರಹದಲ್ಲೂ ಹಾಗೆಯೇ. ಒಪ್ಪವಾದ ಪುಟ, ನೇರ ಸಾಲು, ತಪ್ಪಿಲ್ಲದ ಕಾಗುಣಿತ, ಇವೆಲ್ಲ ನೀರು ಹಾಯುವ ಕಡೆ ಬೆಳೆಯುವ ಬೆಳೆ. ಅದಕ್ಕೇ ಓರೆ ಅಕ್ಷರದ ಪುಟ ಕಂಡರೆ ನಮಗೆ ಮೊದಲು ಖುಷಿಯಾಗುತ್ತದೆ.

ಆಮೇಲೆ ಅನುಮಾನ ಶುರುವಾಗುತ್ತದೆ. ಜೇಮಿ ರೀಡ್ ಕಲಾಶಾಲೆಯಲ್ಲಿ ಓದಿದವನು. ನೇರ ಗೆರೆ ಎಳೆಯಲು ಗೊತ್ತಿದ್ದು ಸೊಟ್ಟ ಎಳೆದವನು. ಅದು ಕಲಿತು ಬಿಟ್ಟ ಅಚ್ಚುಕಟ್ಟು. 'ಹ' ಎನ್ನಬೇಕಾದಲ್ಲಿ 'ಅ' ಎಂದದ್ದಕ್ಕೆ, 'ಳ' ಇರಬೇಕಾದಲ್ಲಿ 'ಲ' ಬರೆದದ್ದಕ್ಕೆ ಇಡೀ ತರಗತಿಯ ಮುಂದೆ ಬೆಂಚಿನ ಮೇಲೆ ನಿಂತವರು ನಾವು. ನಮ್ಮ ತಪ್ಪು ಶೈಲಿಯಾಗಿರಲಿಲ್ಲ, ನಮ್ಮವ್ವನ ಬಾಯಿಂದ ಬಂದ ಮಾತಾಗಿತ್ತು. ಬೇಕೆಂದೇ ತಪ್ಪು ಮಾಡುವ ಸ್ವಾತಂತ್ರ್ಯ ಇರುವುದು ಸರಿ ಮಾಡಬಲ್ಲ ಎಂದು ಲೋಕ ಮೊದಲೇ ಒಪ್ಪಿಕೊಂಡವನಿಗೆ. ಮೇಷ್ಟ್ರ ಮಗ ಹರಕು ಅಂಗಿ ಹಾಕಿಕೊಂಡರೆ ಅದು ಸರಳತೆ. ಜೀತದ ಆಳಿನ ಮಗ ಹಾಕಿಕೊಂಡರೆ ಅದು ದರಿದ್ರ. ಈ ಲೆಕ್ಕ ಲಂಡನ್ನಿನಲ್ಲೂ ಅಷ್ಟೇ, ಲಿಂಗಸುಗೂರಿನಲ್ಲೂ ಅಷ್ಟೇ.

ಹಾಗಂತ ಕಲಾಶಾಲೆಗೆ ಹೋದವರೆಲ್ಲ ಸುಳ್ಳು ಎಂದು ಗೆರೆ ಎಳೆದುಬಿಡುವುದು ಸೋಮಾರಿತನ. ಮ್ಯಾಂಚೆಸ್ಟರಿನಲ್ಲಿ ವಿನ್ಯಾಸ ಓದುತ್ತಿದ್ದ ಲಿಂಡರ್ ಎಂಬ ಹೆಣ್ಣುಮಗಳನ್ನು ನೋಡಿ. ಒಂದು ಕಡೆ ಗಂಡಸರು ಕದ್ದು ನೋಡುವ ಬೆತ್ತಲೆ ಚಿತ್ರಗಳ ಪುಸ್ತಕಗಳ ರಾಶಿ, ಇನ್ನೊಂದು ಕಡೆ ಅಡುಗೆ, ಮನೆವಾರ್ತೆ ಕಲಿಸುವ ಹೆಂಗಸರ ಪತ್ರಿಕೆಗಳ ರಾಶಿ. ನಡುವೆ ಒಂದು ಗಾಜಿನ ಹಲಗೆ, ಡಾಕ್ಟರು ಕೊಯ್ಯುವ ಚೂರಿ. ಎರಡೂ ರಾಶಿಯಲ್ಲಿ ಇರುವುದು ಅದೇ ಹೆಣ್ಣು ಎಂದು ಅವಳು ಕತ್ತರಿಸಿ ಅಂಟಿಸಿ ತೋರಿಸಿದಳು. 1977ರಲ್ಲಿ ಬಜ್‌ಕಾಕ್ಸ್ ತಂಡದ ಒಂದು ರೆಕಾರ್ಡಿನ ಮೇಲೆ ಅವಳು ಮಾಡಿದ ಚಿತ್ರದಲ್ಲಿ ಬೆತ್ತಲೆ ಹೆಣ್ಣಿಗೆ ತಲೆಯ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ ಇದೆ. 1978ರ ಜನವರಿಯಲ್ಲಿ ಅವಳೂ ಜಾನ್ ಸ್ಯಾವೇಜ್ ಎಂಬಾತನೂ ಸೇರಿ ಇಂಥ ಚಿತ್ರಗಳದ್ದೇ ಒಂದು ಪತ್ರಿಕೆ ತಂದರು, 'ದಿ ಸೀಕ್ರೆಟ್ ಪಬ್ಲಿಕ್'. ಇದು ಎರವಲು ಸಿಟ್ಟಲ್ಲ. ಓದಿದವಳಾದರೇನು, ಇಸ್ತ್ರಿಪೆಟ್ಟಿಗೆ ಅವಳ ಕೈಗೇ ಕಾದಿತ್ತು. ಕಲಿಕೆ ಸಿಟ್ಟನ್ನು ಸುಳ್ಳು ಮಾಡುವುದಿಲ್ಲ. ಸಿಟ್ಟು ಎಲ್ಲಿಂದ ಬಂತು ಎಂಬುದಷ್ಟೇ ಪ್ರಶ್ನೆ.

ಎಲ್ಲಿಂದ ಬಂತು ಎಂದು ಕೇಳಲು 1976ರ ಆಗಸ್ಟ್ ತಿಂಗಳಿಗೆ ಹೋಗಬೇಕು. ಇಂಗ್ಲೆಂಡಿನಲ್ಲಿ ಮಳೆ ಕೈಕೊಟ್ಟ ಉರಿಬೇಸಿಗೆ. ಹತ್ತು ಲಕ್ಷಕ್ಕೂ ಹೆಚ್ಚು ಜನಕ್ಕೆ ಕೆಲಸವಿಲ್ಲ. ಸಾಮ್ರಾಜ್ಯ ಆಳಿದ ದೇಶ ಅದೇ ವರ್ಷ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಚಾಚಿತು. ಆ ಒಂದೇ ತಿಂಗಳಲ್ಲಿ ಮೂರು ಸಂಗತಿಗಳು ನಡೆದವು. 5ನೆಯ ತಾರೀಖು ಬರ್ಮಿಂಗ್‌ಹ್ಯಾಮ್‌ನಲ್ಲಿ ಎರಿಕ್ ಕ್ಲ್ಯಾಪ್ಟನ್ ಎಂಬ ಪ್ರಸಿದ್ಧ ಗಿಟಾರ್ ವಾದಕ, ಕರಿಯರ ಬ್ಲೂಸ್ ಸಂಗೀತ ಬಾರಿಸಿ ಹೆಸರು ಮಾಡಿದವನು, ವೇದಿಕೆಯಿಂದಲೇ ವಲಸೆ ಬಂದವರನ್ನು ಹೊರಗೆ ಹಾಕಬೇಕೆಂದು ಕುಡಿದು ಕೂಗಾಡಿದ. 20ನೆಯ ತಾರೀಖು ವಾಯವ್ಯ ಲಂಡನ್ನಿನ ಗ್ರನ್‌ವಿಕ್ ಕಾರ್ಖಾನೆಯಿಂದ ಜಯಾಬೆನ್ ದೇಸಾಯಿ ಎಂಬ ಗುಜರಾತಿ ಹೆಂಗಸು ಕೆಲಸ ಬಿಟ್ಟು ಹೊರಗೆ ನಡೆದಳು. 30ನೆಯ ತಾರೀಖು ನಾಟಿಂಗ್ ಹಿಲ್‌ನಲ್ಲಿ ಕೆರಿಬಿಯನ್ ಮೂಲದ ಜನರ ಜಾತ್ರೆಯಲ್ಲಿ ಪೊಲೀಸರಿಗೂ ಕರಿಯ ಯುವಕರಿಗೂ ಬೀದಿ ಕಾಳಗವಾಯಿತು.

ಆ ಕಾಳಗದ ಬೀಜ ಹಳೆಯದು. 1824ರ ಅಲೆಮಾರಿ ಕಾಯ್ದೆಯ ಕೆಳಗೆ ಪೊಲೀಸನಿಗೆ ಬರೀ ಅನುಮಾನ ಬಂದರೆ ಸಾಕಿತ್ತು, ಬೀದಿಯಲ್ಲಿ ಹೋಗುವವನನ್ನು ಹಿಡಿಯಬಹುದಿತ್ತು. ಅನುಮಾನ ಯಾವಾಗಲೂ ಕಪ್ಪು ಚರ್ಮದ ಮೇಲೇ ಬರುತ್ತಿತ್ತು. ಆ ಅಧಿಕಾರ ರದ್ದಾದದ್ದು 1981ರಲ್ಲಿ. ಇದೇ ಬ್ರಿಟಿಷರು ನಮ್ಮ ನೆಲದಲ್ಲಿ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ, ಅಲೆಯುವ ಜನರನ್ನೆಲ್ಲ ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟರು. ನಡೆಯುವವನ ಮೇಲೆ ನಿಂತವನಿಗೆ ಇರುವ ಅನುಮಾನ ಅದು. ಅವರು ಅದನ್ನು ಹಡಗಿನಲ್ಲಿ ಎರಡೂ ಕಡೆ ಸಾಗಿಸಿದರು.

ನಾಟಿಂಗ್ ಹಿಲ್‌ನ ಆ ದಿನ ದಿ ಕ್ಲ್ಯಾಶ್ ತಂಡದ ಜೋ ಸ್ಟ್ರಮರ್ ಮತ್ತು ಪಾಲ್ ಸಿಮೊನನ್ ಅಲ್ಲಿದ್ದರು. ಬಿಳಿ ಹುಡುಗರು. ಕರಿಯ ಹುಡುಗರು ಕಲ್ಲು ತೂರಿ ಎದುರು ನಿಲ್ಲುವುದನ್ನು ಕಂಡು, ನಮ್ಮವರು ಯಾಕೆ ಹೀಗೆ ನಿಲ್ಲುವುದಿಲ್ಲ ಎಂಬ ಕಿಚ್ಚಿನಲ್ಲಿ 'ವೈಟ್ ರಾಯಟ್' ಹಾಡು ಹುಟ್ಟಿತು. 1977ರ ಮಾರ್ಚಿನಲ್ಲಿ ಅದು ರೆಕಾರ್ಡಾಗಿ ಬಂತು. ಹೊದಿಕೆಯ ಫೋಟೋ ತೆಗೆದವಳು ಕ್ಯಾರೊಲೈನ್ ಕೂನ್. ಮೂವರು ಹುಡುಗರು ನಮಗೆ ಬೆನ್ನು ಹಾಕಿ, ಎರಡೂ ಕೈಗಳನ್ನು ಗೋಡೆಗೆ ಒತ್ತಿ ನಿಂತಿದ್ದಾರೆ. ಪೊಲೀಸರು ಝಡ್ತಿ ಮಾಡುವಾಗ ನಿಲ್ಲಿಸುವ ಭಂಗಿ. ಬೆನ್ನ ಮೇಲೆ ಬಣ್ಣದಲ್ಲಿ ಬರೆದ ಮಾತುಗಳು. ಪೊಲೀಸರು ಮಾತ್ರ ಚಿತ್ರದಲ್ಲಿ ಇಲ್ಲ.

ಈ ಒಂದು ಫೋಟೋ ಮೇಲೆ ನಮ್ಮ ನಮ್ಮಲ್ಲೇ ಜಗಳವಾಗಿದೆ. ಒಬ್ಬರು ಅಂದರು: ಇದು ನಾಟಕ. ಸ್ಟ್ರಮರ್ ರಾಯಭಾರ ಕಚೇರಿಯ ಅಧಿಕಾರಿಯ ಮಗ, ಅಂಕಾರಾದಲ್ಲಿ ಹುಟ್ಟಿ ಹಾಸ್ಟೆಲ್ ಶಾಲೆಯಲ್ಲಿ ಓದಿದವನು. ಅವನನ್ನು ಯಾವ ಪೊಲೀಸ್ ಗೋಡೆಗೆ ಒತ್ತಿದ್ದ? ಕರಿಯ ಹುಡುಗ ಪ್ರತಿ ಶನಿವಾರ ಪುಕ್ಕಟೆಯಾಗಿ ನಿಲ್ಲುತ್ತಿದ್ದ ಭಂಗಿಯನ್ನು ಇವನು ಕ್ಯಾಮೆರಾ ಮುಂದೆ ನಿಂತು ಮಾರಿಕೊಂಡ. ಇನ್ನೊಬ್ಬರು ಅಂದರು: ಹಂಗಾದರೆ ನೋವು ತಿಂದವನು ಮಾತ್ರ ನೋವಿನ ಮಾತಾಡಬೇಕಾ? ಮಿಕ್ಕವರು ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಮೇಲಿನವರಿಗೆ ಅದಕ್ಕಿಂತ ಅನುಕೂಲ ಏನಿದೆ?

ಎರಡೂ ಮಾತಿನಲ್ಲಿ ಹುರುಳಿದೆ. ಎರಡೂ ಪೂರ್ತಿ ಅಲ್ಲ. ಅದೇ ತಂಡದ ಮೊದಲ ಆಲ್ಬಮ್ಮಿನ ಹಿಂಬದಿಯಲ್ಲಿ ಇನ್ನೊಂದು ಫೋಟೋ ಇದೆ. ರಾಕೋ ಮಕಾಲೆ ನಾಟಿಂಗ್ ಹಿಲ್‌ನಲ್ಲಿ ಅದೇ ದಿನ ತೆಗೆದದ್ದು. ಪೊಲೀಸರು ಓಡಿಬರುತ್ತಿದ್ದಾರೆ. ಅದರಲ್ಲಿ ಯಾರೂ ಭಂಗಿ ಕೊಟ್ಟಿಲ್ಲ, ಚಿತ್ರ ಮಸುಕಾಗಿದೆ, ತೆಗೆದವನೂ ಓಡಬೇಕಾಗಿತ್ತೋ ಏನೋ ಅನಿಸುತ್ತದೆ. ನಾವು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಮುಂದೆ ನಟನೆ, ಹಿಂದೆ ನಿಜ. ನಟನೆಯಲ್ಲಿ ಮೂವರಿಗೂ ಹೆಸರಿದೆ, ನಿಜದಲ್ಲಿ ಯಾರಿಗೂ ಹೆಸರಿಲ್ಲ. ಎರವಲಿನ ಗುಟ್ಟು ಇಲ್ಲಿದೆ ಅನಿಸಿತು. ಭಂಗಿಯನ್ನು ಕಡ ತಂದದ್ದು ದೊಡ್ಡ ತಪ್ಪಲ್ಲ. ತಂದದ್ದು ಯಾರ ಮನೆಯಿಂದ ಎಂಬುದು ಮರೆತುಹೋಗುವ ಹಾಗೆ ಅದು ಚೆನ್ನಾಗಿ ಹೊಂದಿಕೊಂಡುಬಿಟ್ಟರೆ ತಪ್ಪು.

ಇನ್ನು ಕೆಲವರು ತಂದ ಎರವಲಿಗೆ ಯಾವ ಸಮಾಧಾನವೂ ಇಲ್ಲ. 1976ರಲ್ಲಿ ಸಿಡ್ ವಿಷಸ್, ಸೂಸಿ ಸೂ ಮೊದಲಾದವರು ಹಿಟ್ಲರನ ಸ್ವಸ್ತಿಕ ಪಟ್ಟಿ ಕಟ್ಟಿಕೊಂಡು ತಿರುಗಿದರು. ಹಿರಿಯರನ್ನು ರೇಗಿಸುವುದಕ್ಕಂತೆ. 60 ಲಕ್ಷ ಯಹೂದಿಗಳನ್ನು ಕೊಂದ ಗುರುತು ಅದು. ಆ ಫೋಟೋಗಳು ಈಗಲೂ ಹೊಳೆಯುವ ಕಾಗದದ ದೊಡ್ಡ ಪುಸ್ತಕಗಳಲ್ಲಿ ಅಚ್ಚಾಗುತ್ತವೆ. ತನಗೆ ಏನೂ ಆಗದ ಜಾಗದಲ್ಲಿ ನಿಂತು ಮಾಡುವ ಆಘಾತವನ್ನು ಬಂಡಾಯ ಎನ್ನುವುದಾದರೆ ಆ ಶಬ್ದವನ್ನು ನಾವು ವಾಪಸು ಕೇಳಬೇಕಾಗುತ್ತದೆ.

ಗೋಡೆಯ ಇನ್ನೊಂದು ಕಡೆಯಿಂದ ಕ್ಯಾಮೆರಾ ಹಿಡಿದವರೂ ಇದ್ದರು, ಅವರನ್ನು ನೆನೆಯದೆ ಮುಂದೆ ಹೋದರೆ ಪಾಪ. ಜಮೈಕಾದಲ್ಲಿ ಹುಟ್ಟಿ ಪೂರ್ವ ಲಂಡನ್ನಿನಲ್ಲಿ ಬೆಳೆದ ಡೆನಿಸ್ ಮಾರಿಸ್, ಸೆಕ್ಸ್ ಪಿಸ್ಟಲ್ಸ್ ತಂಡದ ಚಿತ್ರಗಳನ್ನು ತೆಗೆದಾಗ ಅವನಿಗೆ 17 ವರ್ಷ. ಅದಕ್ಕೂ ಮುಂಚೆ ಬಾಬ್ ಮಾರ್ಲಿಯ ಚಿತ್ರ ತೆಗೆದಿದ್ದ. ಬಿಳಿ ಹುಡುಗರ ಸಿಟ್ಟಿಗೆ ಮುಖ ಕೊಟ್ಟವನು ಕರಿಯ ಹುಡುಗ. ಡಾನ್ ಲೆಟ್ಸ್ ರಾಕ್ಸಿ ಕ್ಲಬ್ಬಿನಲ್ಲಿ ರೆಕಾರ್ಡು ಹಾಕುವವನು. ಪಂಕ್ ರೆಕಾರ್ಡುಗಳು ಇನ್ನೂ ಹೆಚ್ಚು ಬಂದಿರಲಿಲ್ಲ, ಆತ ತನ್ನ ಜನರ ರೆಗೆ ಹಾಡುಗಳನ್ನೇ ಹಾಕಿದ, ಬಿಳಿ ಹುಡುಗರು ಅದಕ್ಕೇ ಕುಣಿದರು. ನಾಟಿಂಗ್ ಹಿಲ್‌ನಲ್ಲಿ ಪೊಲೀಸರ ಸಾಲಿನ ಮುಂದೆ ಒಬ್ಬನೇ ನಡೆಯುತ್ತಿರುವ ಅವನ ಫೋಟೋವನ್ನು 1980ರಲ್ಲಿ ಕ್ಲ್ಯಾಶ್ ತಂಡ ತನ್ನ ಇನ್ನೊಂದು ರೆಕಾರ್ಡಿನ ಹೊದಿಕೆಗೆ ಹಾಕಿಕೊಂಡಿತು.

ಗ್ರನ್‌ವಿಕ್‌ನ ಮಾತು ಹೇಳುತ್ತೇವೆ ಎಂದೆವು. ಅದು ಏನು ಕಾರ್ಖಾನೆ ಗೊತ್ತೆ? ಫೋಟೋ ತೊಳೆದು ಕೊಡುವ ಕಾರ್ಖಾನೆ. ಜನ ಕ್ಯಾಮೆರಾದ ರೀಲನ್ನು ಟಪಾಲಿನಲ್ಲಿ ಕಳಿಸಿದರೆ ಬಣ್ಣದ ಚಿತ್ರ ಮಾಡಿ ವಾಪಸು ಟಪಾಲಿನಲ್ಲಿ ಕಳಿಸುತ್ತಿತ್ತು. ಒಳಗೆ ದುಡಿಯುತ್ತಿದ್ದವರಲ್ಲಿ ಬಹುಪಾಲು ಪೂರ್ವ ಆಫ್ರಿಕಾದಿಂದ ಬಂದ ಭಾರತೀಯ ಮೂಲದ ಹೆಂಗಸರು. ಉರಿಬೇಸಿಗೆಯಲ್ಲಿ ಉಸಿರು ಕಟ್ಟುವ ಕೆಲಸ, ಕಡಿಮೆ ಕೂಲಿ, ಬಲವಂತದ ಓವರ್‌ಟೈಮು. ಬಿಳಿಯರು ಸಮುದ್ರದ ದಂಡೆಯಲ್ಲಿ ನಕ್ಕ ನಗುವನ್ನು ಈ ಹೆಂಗಸರು ಕತ್ತಲಲ್ಲಿ ತೊಳೆದು ಲಕೋಟೆಗೆ ತುಂಬುತ್ತಿದ್ದರು. ಜಯಾಬೆನ್ ಹೊರಗೆ ಬಂದ ಮೇಲೆ ಅವರು ಸೀರೆಯ ಮೇಲೆ ಕೋಟು ಹಾಕಿಕೊಂಡು ಎರಡು ವರ್ಷ, ಚಳಿ ಮಳೆಯಲ್ಲಿ, ಗೇಟಿನ ಮುಂದೆ ನಿಂತರು. 1977ರ ಜೂನ್ ಜುಲೈನಲ್ಲಿ, ರಾಣಿಯ ಉತ್ಸವದ ಹೊತ್ತಿನಲ್ಲೇ, ಸಾವಿರಾರು ಕಾರ್ಮಿಕರು ದೇಶದ ಮೂಲೆಮೂಲೆಯಿಂದ ಬಂದು ಅವರ ಜೊತೆ ನಿಂತರು. ಪೊಲೀಸರು ಹೊಡೆದರು. ಕೊನೆಗೆ ದೊಡ್ಡ ಯೂನಿಯನ್ನುಗಳು ಕೈಬಿಟ್ಟವು, 1978ರ ಜುಲೈನಲ್ಲಿ ಮುಷ್ಕರ ಸೋತು ಮುಗಿಯಿತು.

ಆ ಕಾಲದ ಫೋಟೋ ಪುಸ್ತಕ ಎಂದ ಕೂಡಲೇ ಬಣ್ಣದ ಕೂದಲು, ಪಿನ್ನು ಚುಚ್ಚಿದ ಕೆನ್ನೆ ನೆನಪಾಗುತ್ತದೆ. ಜಯಾಬೆನ್ ನೆನಪಾಗುವುದಿಲ್ಲ. ಅವಳ ಚಿತ್ರಗಳೂ ಇವೆ, ಕೈಚೀಲ ಹಿಡಿದ ಗಿಡ್ಡ ಆಕೃತಿ, ಎದುರಿಗೆ ತನಗಿಂತ ಎರಡರಷ್ಟು ಎತ್ತರದ ಪೊಲೀಸರು. ಅದೂ ಬಂಡಾಯದ ಫೋಟೋವೇ. ಸೀರೆಗೆ ಪಿನ್ನು ಇದ್ದದ್ದು ಸೆರಗು ನಿಲ್ಲಲಿ ಅಂತ.

ಎರವಲನ್ನು ತೀರಿಸಿದವರು ಯಾರಾದರೂ ಇದ್ದಾರಾ ಅಂದರೆ, ಇದ್ದಾರೆ. ಕ್ಲ್ಯಾಪ್ಟನ್‌ನ ಕೂಗಾಟಕ್ಕೆ ಉತ್ತರವಾಗಿ ರೆಡ್ ಸಾಂಡರ್ಸ್, ರಾಜರ್ ಹಡಲ್ ಮತ್ತು ಗೆಳೆಯರು ಸಂಗೀತ ಪತ್ರಿಕೆಗಳಿಗೆ ಒಂದು ಕಾಗದ ಬರೆದರು. ಅದರಿಂದ 'ರಾಕ್ ಎಗೇನ್‌ಸ್ಟ್ ರೇಸಿಸಂ' ಹುಟ್ಟಿತು. 1977ರ ಮೇ ದಿನದಿಂದ ಅದಕ್ಕೊಂದು ಪತ್ರಿಕೆ, 'ಟೆಂಪರರಿ ಹೋರ್ಡಿಂಗ್'. ಸಿಡ್ ಶೆಲ್ಟನ್ ಫೋಟೋಗಳು, ರೂತ್ ಗ್ರೆಗರಿ ಮತ್ತಿತರರ ಪುಟವಿನ್ಯಾಸ. ಪಂಕ್ ಕತ್ತರಿ, ಪಂಕ್ ಗೋಂದು, ಆದರೆ ಅಂಟಿಸಿದ್ದು ಕೆಲಸ ಎಲ್ಲಿ ಹೋಯಿತು, ನ್ಯಾಷನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷ ಯಾರಿಗೆ ಬೇಕು ಎಂಬಂಥ ಪ್ರಶ್ನೆಗಳನ್ನು. 1977ರ ಆಗಸ್ಟ್ 13ರಂದು ಆ ಪಕ್ಷದ ಮೆರವಣಿಗೆಯನ್ನು ಲೂಯಿಷಮ್‌ನಲ್ಲಿ ಜನ ತಡೆದಾಗ, 'ರೇಸ್ ಟುಡೇ' ಪತ್ರಿಕೆಯ ಸಂಪಾದಕ ಡಾರ್ಕಸ್ ಹೌ ಸಾರ್ವಜನಿಕ ಕಕ್ಕಸಿನ ಮಾಡಿನ ಮೇಲೆ ಹತ್ತಿ ಮೆಗಾಫೋನಿನಲ್ಲಿ ಮಾತಾಡಿದ. ಶೆಲ್ಟನ್ ಅದರ ಫೋಟೋ ತೆಗೆದ. ವೇದಿಕೆ ಕೊಡದಿದ್ದರೆ ಕಕ್ಕಸೇ ವೇದಿಕೆ.

1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿನವರೆಗೆ ದೊಡ್ಡ ಮೆರವಣಿಗೆ ಹೋಯಿತು. 80 ಸಾವಿರಕ್ಕೂ ಹೆಚ್ಚು ಜನ ಸೇರಿದರೆಂದು ಲೆಕ್ಕ. ಕ್ಲ್ಯಾಶ್ ಹಾಡಿತು, ಕರಿಯರ ಸ್ಟೀಲ್ ಪಲ್ಸ್ ಹಾಡಿತು, ಸೊಮಾಲಿ ತಂದೆಯ ಮಗಳು ಪಾಲಿ ಸ್ಟೈರೀನ್ ಹಾಡಿದಳು. ಗೋಡೆಗೆ ಕೈ ಒತ್ತಿ ನಿಂತಿದ್ದ ಆ ಹುಡುಗರು ಇಲ್ಲಿ ನಿಜವಾಗಿ ಯಾರದೋ ಪಕ್ಕದಲ್ಲಿ ನಿಂತರು ಎಂದು ನಾವು ಒಪ್ಪುತ್ತೇವೆ. ಆದರೆ ನಾಲ್ಕೇ ದಿನಕ್ಕೆ, ಮೇ 4ರ ಸಂಜೆ, ಆಲ್ತಾಬ್ ಅಲಿ ಎಂಬ ಬಂಗಾಳಿ ಬಟ್ಟೆ ಕಾರ್ಖಾನೆಯ ಯುವಕ ಕೆಲಸ ಮುಗಿಸಿ ಮನೆಗೆ ಹೋಗುವಾಗ ವೈಟ್‌ಚಾಪೆಲ್‌ನಲ್ಲಿ ಜನಾಂಗದ್ವೇಷದ ಹುಡುಗರ ಚೂರಿಗೆ ಬಲಿಯಾದ. ಪಾರ್ಕಿನ ಹಾಡಿನಿಂದ ಆ ಬೀದಿ ದೂರವೇನಲ್ಲ. ಹತ್ತು ದಿನದ ಮೇಲೆ ಸುಮಾರು 7 ಸಾವಿರ ಜನ, ಹೆಚ್ಚಿನವರು ಬಂಗಾಳಿಗಳು, ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆಯವರೆಗೆ ನಡೆದರು. ಆ ಜಾಗದ ಉದ್ಯಾನಕ್ಕೆ ಅವನ ಹೆಸರು ಬಂದದ್ದು 1998ರಲ್ಲಿ, 20 ವರ್ಷ ಕಳೆದು. 1979ರ ಚುನಾವಣೆಯಲ್ಲಿ ನ್ಯಾಷನಲ್ ಫ್ರಂಟ್ ನೆಲಕಚ್ಚಿತು ನಿಜ. ಹಾಡು ಸೋಲಿಸಿತು ಎನ್ನುವವರಿದ್ದಾರೆ. ಅದರ ಮಾತನ್ನೇ ಮೆತ್ತಗೆ ಮಾಡಿ, ಬೇರೆ ಸಂಸ್ಕೃತಿಯವರು ಬಂದು ನಮ್ಮನ್ನು ಮುಳುಗಿಸಿಯಾರು ಎಂದು 1978ರ ಜನವರಿಯಲ್ಲೇ ಟಿವಿಯಲ್ಲಿ ಹೇಳಿದ್ದ ಮಾರ್ಗರೆಟ್ ಥ್ಯಾಚರ್ ಆ ಓಟುಗಳನ್ನು ಎತ್ತಿಕೊಂಡರು ಎನ್ನುವವರೂ ಇದ್ದಾರೆ. ನಮಗೆ ಎರಡನೆಯದು ಹೆಚ್ಚು ನಿಜ ಅನಿಸುತ್ತದೆ. ಆದರೂ ಹಾಡದಿದ್ದರೆ ಇನ್ನೂ ಎಷ್ಟು ಹೆಣ ಬೀಳುತ್ತಿದ್ದವೋ ಎಂಬುದನ್ನು ತಕ್ಕಡಿಯಲ್ಲಿ ತೂಗಲಾಗದು.

ಈಗ ಕಾಗದದ ಬೆಲೆಗೆ ಬರೋಣ. ಕೆಲವು ಪೆನ್ಸಿಗೆ ಬೀದಿಯಲ್ಲಿ ಮಾರಿದ, ಓದಿ ಬಿಸಾಡಲೆಂದೇ ಮಾಡಿದ ಈ ಪತ್ರಿಕೆಗಳು ಈಗ ಹರಾಜಿನಲ್ಲಿ ಕೂಗಿಸಿಕೊಳ್ಳುತ್ತವೆ, ಗಾಜಿನ ಪೆಟ್ಟಿಗೆಯಲ್ಲಿ ಮಲಗುತ್ತವೆ. 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪಂಕ್ ಉಡುಪಿನ ಪ್ರದರ್ಶನ ಮಾಡಿದಾಗ, ಸಿಬಿಜಿಬಿ ಎಂಬ ಹೆಸರಾಂತ ಕ್ಲಬ್ಬಿನ ಗಲೀಜು ಕಕ್ಕಸನ್ನು ಗೀಚುಬರಹ ಸಮೇತ ಮತ್ತೆ ಕಟ್ಟಿ ಇಟ್ಟಿತು. ವಾಸನೆ ಮಾತ್ರ ಇರಲಿಲ್ಲ ಅಂತ ಕಾಣುತ್ತೆ. ಅಸಲಿ ಕಕ್ಕಸನ್ನು ತೊಳೆಯುತ್ತಿದ್ದವರು ಯಾರು ಎಂದು ಕೇಳುವುದು ನಮ್ಮ ಚಾಳಿ, ಕ್ಷಮಿಸಿ.

ಇದನ್ನು ಸಹಿಸದೆ ಒಬ್ಬ ಎದ್ದ. ಪಂಕ್ ಉಡುಪಿನ ಅಂಗಡಿ ನಡೆಸಿದ ವಿವಿಯನ್ ವೆಸ್ಟ್‌ವುಡ್ ಮತ್ತು ಸೆಕ್ಸ್ ಪಿಸ್ಟಲ್ಸ್ ವ್ಯವಸ್ಥಾಪಕ ಮಾಲ್ಕಮ್ ಮೆಕ್‌ಲಾರೆನ್ ಅವರ ಮಗ ಜೋ ಕೋರೆ. 2016ರಲ್ಲಿ ಲಂಡನ್ ನಗರ ಪಂಕ್‌ಗೆ 40 ವರ್ಷವಾಯಿತೆಂದು ವರ್ಷವಿಡೀ ಹಬ್ಬ ಮಾಡಿತು. ಆಳುವವರೇ ಬಂಡಾಯಕ್ಕೆ ಆರತಿ ಎತ್ತುತ್ತಿದ್ದಾರೆ ಎಂದು ರೇಗಿ, ಆ ನವೆಂಬರ್ 26ರಂದು ಅವನು ಥೇಮ್ಸ್ ನದಿಯ ದೋಣಿಯೊಂದರಲ್ಲಿ ತನ್ನ ಸಂಗ್ರಹದ ಉಡುಪು, ರೆಕಾರ್ಡು, ಕಾಗದಗಳಿಗೆ ಬೆಂಕಿ ಇಟ್ಟ. ಅವನೇ ಹೇಳಿಕೊಂಡ ಬೆಲೆ 50 ಲಕ್ಷ ಪೌಂಡು. ಆ ದುಡ್ಡನ್ನು ಬಡವರಿಗಾದರೂ ಕೊಡಬಹುದಿತ್ತಲ್ಲ ಎಂದು ಊರೆಲ್ಲ ಬೈಯಿತು.

ಬೆಂಕಿಯ ವಿಷಯದಲ್ಲಿ ನಮಗೂ ಒಂದು ಪಾಠ ಗೊತ್ತಿದೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅಂಬೇಡ್ಕರ್ ಮತ್ತು ಸಂಗಾತಿಗಳು ಮನುಸ್ಮೃತಿಯನ್ನು ಸುಟ್ಟಾಗ ಅದರ ಬೆಲೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಕೆಲವಾಣೆಯ ಪುಸ್ತಕ. ಸುಟ್ಟದ್ದು ಕಾಗದವನ್ನಲ್ಲ, ಅದು ತಮ್ಮ ತಲೆಯ ಮೇಲೆ ಹೇರಿದ ಅಧಿಕಾರವನ್ನು. ಕೋರೆ ಸುಟ್ಟದ್ದು ತನಗೆ ಬಂದ ಆಸ್ತಿಯನ್ನು. ಅವನ ಸಿಟ್ಟು ಸುಳ್ಳು ಅಂತ ನಾವು ಹೇಳುವುದಿಲ್ಲ, ಆರತಿ ತಟ್ಟೆ ಕಂಡಾಗ ನಮಗೂ ಮೈ ಉರಿಯುತ್ತದೆ. ಆದರೆ ದಾಖಲೆಯನ್ನು ಸುಡಲು ಮೊದಲು ದಾಖಲೆ ಇರಬೇಕು. ಸೋರುವ ಮನೆಯಲ್ಲಿ ಕಾಗದ ಎರಡು ಮಳೆಗಾಲ ಬಾಳುವುದಿಲ್ಲ. ಉಳಿದದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ. ಗ್ರನ್‌ವಿಕ್ ಗೇಟಿನಲ್ಲಿ ಹಂಚಿದ ಕರಪತ್ರವೊಂದನ್ನು ಗೋಣಿಚೀಲದಲ್ಲಿ ಇಟ್ಟುಕೊಂಡ ಮನೆ ಇದ್ದರೆ, ಅದಕ್ಕೆ ಬೆಂಕಿ ಇಡುವ ಯೋಚನೆ ಆ ಮನೆಯವರಿಗೆ ಬರುವುದಿಲ್ಲ.

ಮ್ಯೂಸಿಯಮ್ಮಿಗೂ ಬೆಂಕಿಗೂ ನಡುವೆ ಮೂರನೆಯ ದಾರಿಯೊಂದನ್ನು ಮಾರ್ಕ್ ಪೆರಿ ಬಲು ಹಿಂದೆಯೇ ಹಿಡಿದಿದ್ದ. 50 ಪ್ರತಿಯಿಂದ ಶುರುವಾದ ಅವನ ಪತ್ರಿಕೆ ಒಂದೇ ವರ್ಷದಲ್ಲಿ ಸಾವಿರಗಟ್ಟಲೆ ಮಾರಾಟವಾಗತೊಡಗಿತು. ಬ್ಯಾಂಕಿನ ಕೆಲಸ ಬಿಟ್ಟಿದ್ದ. ದೊಡ್ಡ ಸಂಪಾದಕನಾಗಿ ಕುರ್ಚಿಯಲ್ಲಿ ಕೂರಬಹುದಿತ್ತು. 1977ರಲ್ಲಿ 12ನೆಯ ಸಂಚಿಕೆ ತಂದು ನಿಲ್ಲಿಸಿಬಿಟ್ಟ. ಅಷ್ಟರಲ್ಲಿ ಊರೂರಿನ ಹುಡುಗರು ಅವನ ಮಾತು ಕೇಳಿ ತಮ್ಮ ತಮ್ಮ ಪತ್ರಿಕೆ ಮಾಡಿಕೊಂಡಿದ್ದರು, ಅವನದು ಬೇಕಾಗಿರಲಿಲ್ಲ. ಆ 12 ಸಂಚಿಕೆಗಳನ್ನೂ ಸೇರಿಸಿ 2000ರಲ್ಲಿ ಒಂದು ಪುಸ್ತಕ ಬಂತು. ಹರಾಜಿನಲ್ಲಿ ಒಂದು ಪ್ರತಿಗೆ ಕೊಡುವ ಹಣದ ಸಣ್ಣ ಪಾಲಿಗೆ ಎಲ್ಲ ಸಂಚಿಕೆಗಳನ್ನೂ ಓದಬಹುದು. ಟೈಪಿನ ಅದೇ ಸೊಟ್ಟ ಸಾಲುಗಳು, ಸ್ಕೆಚ್ ಪೆನ್ನಿನ ಅದೇ ತಲೆಬರಹ. ಹೊಡೆದುಹಾಕಿದ ಕಾಗುಣಿತದ ತಪ್ಪುಗಳನ್ನೂ ಹಾಗೇ ಬಿಟ್ಟಿದ್ದಾರೆ.